ಸೂಜಿ ಬಿಡೋದೋ ಕಟ್ಟೋದೋ

ಹೋದ ತಿಂಗಳು ಹೊಳೆನರಸೀಪುರಕ್ಕೆ ನನ್ನ ತಂಗಿಯ ಮಗಳ ಬಾಣಂತನಕ್ಕೆ ಹೋಗಿದ್ದೆವು. ಕೂಸಿನ ಮೈಗೆ ಹಚ್ಚಿ ನೀರು ಹಾಕಲೆಂದು ಹರಳೆಣ್ಣೆ ಕಾಯಲು ಇಟ್ಟ ನನ್ನ ತಂಗಿ, ಫೋನಿನಲ್ಲಿ ಯಾರ ಮನೆಯದೋ ಪಂಚಾಯ್ತಿ ಮಾಡುತ್ತ ಒಲೆಯನ್ನೇ ಮರೆತಳು. ಎಣ್ಣೆ ಸುಟ್ಟು ಮನೆ ತುಂಬ ಹೊಗೆ. ಬಾಣಂತಿ ಮಗುವನ್ನು ಅವಚಿಕೊಂಡು ಹಿತ್ತಲಿಗೆ ಓಡಿದಳು, ಮಿಕ್ಕವರು ಸೆರಗಲ್ಲಿ ಮೂಗು ಮುಚ್ಚಿಕೊಂಡರು. ನಾನೊಬ್ಬಳು ಅಡುಗೆಮನೆ ಬಾಗಿಲಲ್ಲಿ ನಿಂತು ಆ ಹೊಗೆಯನ್ನು ಎದೆ ತುಂಬ ಎಳೆದುಕೊಂಡೆ. "ಅಕ್ಕಯ್ಯ, ನಿಂಗೇನ್ ಬಂತು? ಈಚೆಗ್ ಬಾ" ಅಂತ ತಂಗಿ ಕೂಗಿಕೊಂಡಳು.

ಅಷ್ಟರಲ್ಲಿ ಜಗಲಿಯಲ್ಲಿ ಪೇಪರು ಹಿಡಿದು ಕೂತಿದ್ದ ನಮ್ಮ ಯಜಮಾನರು ಒಳಗೆ ಬಂದರು. ಗಾಳಿಯನ್ನು ಒಮ್ಮೆ ಮೂಸಿ, "ಯಾವನ್ಲಾ ಅದು, ಸೂಜಿ ಇಷ್ಟೊಂದು ಕಟ್ಟಿರೋನು? ಇಂಜಿನ್ ಸುಡ್ತಾ ಐತೆ" ಅಂದರು. ಮನೆಯವರೆಲ್ಲ ಗೊಳ್ಳೆಂದು ನಕ್ಕರು. ತಮಾಷೆಗೆ ಅಂದರೋ, ನಿಜವಾಗಿಯೂ ಕೇಳಿದರೋ ನನಗೆ ಮಾತ್ರ ತಿಳಿಯಲಿಲ್ಲ. ಅವರ ಮುಖ ನೋಡಿದೆ. ಇವರಿಗೆ ಆಟದ ಕಾರಿನ ಹುಚ್ಚು ಹತ್ತಿದ್ದ ಆ ಒಂದು ವರ್ಷ, ಮುಂಗಾರು ಹಿಡಿದಾಗಿನಿಂದ ಚಳಿ ಬಿಡುವವರೆಗೂ, ನಾನು ಮಾಡಿದ್ದು ಅದೊಂದೇ ಕೆಲಸ. ಆಕಾಶ ಒಂದ್ಸಲ, ಅವರ ಮುಖ ಒಂದ್ಸಲ.

ನಮ್ಮದು ಅರಕಲಗೂಡು. ಯಜಮಾನರು ತಿಮ್ಮೇಗೌಡರು ರಾಮನಾಥಪುರದ ಕಡೆ ಹೊಗೆಸೊಪ್ಪು ಬೆಳೆದು, ಸೊಪ್ಪು ಒಣಗಿಸುವ ಬ್ಯಾರನ್ ಮನೆಯಲ್ಲಿ ಬೆಂಕಿ ಕೊಟ್ಟು ಹದಮಾಡಿ, ಹರಾಜಿಗೆ ಹಾಕಿಕೊಂಡೇ ಅರ್ಧ ಆಯುಸ್ಸು ಕಳೆದವರು. ಆಮೇಲೆ ಜಮೀನನ್ನು ಮೈದುನನಿಗೆ ಬಿಟ್ಟರು. ನಾನೂ ಪ್ರೈಮರಿ ಸ್ಕೂಲಿನ ಕೆಲಸದಿಂದ ರಿಟೈರಾದೆ. ಇಬ್ಬರೂ ಪೇಟೆಯ ಮನೆಯಲ್ಲಿ ಎದುರುಬದುರು ಕೂತಾಗಲೇ ಗೊತ್ತಾಗಿದ್ದು, ನಮಗೆ ಆಡೋದಕ್ಕೆ ಮಾತೇ ಇಲ್ಲ ಅಂತ. ಅವರು ಸೊಪ್ಪಿನ ಜೊತೆ ಮಾತಾಡಿ ಬೆಳೆದವರು, ನಾನು ಮಕ್ಕಳಿಗೆ ಬೈದು ಬೆಳೆದವಳು.

ಆಗ ಬಂತು ಆ ಕಾರು. ನಮ್ಮ ಅಳಿಯ ಪ್ರದೀಪ ಹಾಸನದ ಒಂದು ಪಾಲಿಟೆಕ್ನಿಕ್ಕಿನಲ್ಲಿ ಲೆಕ್ಚರರ್, ಕಾರು ಅವನದು. ರಿಮೋಟಿನ ಕಾರು ಅಂದರೆ ಸೆಲ್ಲು ಹಾಕುವ ಆಟದ ಸಾಮಾನು ಅಂದುಕೊಂಡಿದ್ದೆ. ಇದು ಹಾಗಲ್ಲ ತಾಯಿ. ಮೊಳದುದ್ದದ ಗಾಡಿ, ಅದರ ಹೊಟ್ಟೆಯೊಳಗೆ ನಿಂಬೆಹಣ್ಣಿನಷ್ಟು ದೊಡ್ಡ ನಿಜವಾದ ಇಂಜಿನ್ನು. ಅದು ಕುಡಿಯುವುದು ನೈಟ್ರೋ ಅನ್ನುವ ಬೇರೆ ಎಣ್ಣೆ, ಸ್ಪಿರಿಟ್ಟಿಗೆ ಇನ್ನೇನೇನೋ ಸೇರಿಸಿ ಹರಳೆಣ್ಣೆ ಬೆರೆಸಿದ್ದು. ಸ್ಟಾರ್ಟ್ ಮಾಡಲು ಅದರ ಹಗ್ಗ ಎಳೆದರೆ ಬೀದಿಯ ನಾಯಿಗಳೆಲ್ಲ ಎದ್ದು ಕೂರುತ್ತಿದ್ದವು. ಹಾಸನದಲ್ಲಿ ಅಕ್ಕಪಕ್ಕದವರು ಜಗಳಕ್ಕೆ ಬಂದರು, ನನ್ನ ಮಗಳು ಶೋಭಾ "ಕಾರಿರಬೇಕು, ಇಲ್ಲ ನಾನಿರಬೇಕು" ಅಂದಳು. ಪ್ರದೀಪ ಜಾಣ. ಕಾರನ್ನು ತಂದು ಮಾವನ ಮನೆಯಲ್ಲಿ ಇಟ್ಟ.

ಮಾವ ಮೊದಲ ವಾರ ಅದನ್ನು ದೂರದಿಂದ ನೋಡಿದರು. ಎರಡನೆಯ ವಾರ ಹತ್ತಿರ ಕೂತರು. ಆಮೇಲೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. "ಮೊಮ್ಮಕ್ಕಳನ್ನ ಆಡಿಸೋ ವಯಸ್ಸಲ್ಲಿ ಕಾರು ಆಡಿಸ್ಕೊಂಡು ಕೂತವ್ರೆ ಅಂತ ಬೀದೀಲಿ ಆಡ್ಕೋತಾರೆ" ಅಂತ ನಾನು ರೇಗಿದೆ. "ಆಡ್ಕೊಳ್ಲಿ ಬುಡು. ಅವರ ಬಾಯಿ, ಅವರ ಸುಖ" ಅಂದರು. ಅವರಿಗಾಗಿ ಇನ್ನೊಂದು ಕಾರೂ ಬಂತು, ಹಳದಿ ಬಣ್ಣದ್ದು.

ಆ ಇಂಜಿನ್ನಿನ ಮರ್ಮವೆಲ್ಲ ಒಂದು ಸೂಜಿಯಲ್ಲಿದೆ. ಸೂಜಿ ಅಂದರೆ ಎಣ್ಣೆಯ ದಾರಿಗೆ ಅಡ್ಡ ಇರುವ ಒಂದು ಸಣ್ಣ ಸ್ಕ್ರೂ. ಎಡಕ್ಕೆ ತಿರುಗಿಸಿದರೆ ಎಣ್ಣೆ ಜಾಸ್ತಿ ಹೋಗುತ್ತದೆ, ಅದಕ್ಕೆ 'ಬಿಡೋದು' ಅನ್ನುತ್ತಾರೆ. ಬಲಕ್ಕೆ ತಿರುಗಿಸಿದರೆ ಕಮ್ಮಿ, ಅದು 'ಕಟ್ಟೋದು'. ಎಷ್ಟು ತಿರುಗಿಸಬೇಕು ಅನ್ನುವುದಕ್ಕೆ ಗಡಿಯಾರದ ಸಣ್ಣ ಮುಳ್ಳು ಸರಿಯುವ ಲೆಕ್ಕ: ಒಂದು ಗಂಟೆ ಬಿಡು, ಅರ್ಧ ಗಂಟೆ ಕಟ್ಟು, ಹೀಗೆ. ಬಿಟ್ಟಿದ್ದು ಹೆಚ್ಚಾದರೆ ಗಾಡಿ ಕೆಮ್ಮುತ್ತ, ಹೊಗೆ ಉಗುಳುತ್ತ ತೆವಳುತ್ತದೆ. ಕಟ್ಟಿದ್ದು ಹೆಚ್ಚಾದರೆ ಕಿರುಚಿಕೊಂಡು ಓಡುತ್ತದೆ, ನೋಡಿದವರು ಆಹಾ ಅನ್ನುತ್ತಾರೆ, ಒಳಗೆ ಎಣ್ಣೆಯಿಲ್ಲದೆ ಸುಟ್ಟು ಸಾಯುತ್ತದೆ.

ಒಮ್ಮೆ ಸರಿಯಾಗಿ ಇಟ್ಟರೆ ಮುಗಿಯಿತಲ್ಲ ಅಂತ ಕೇಳಿದೆ. ಮುಗಿಯುವುದಿಲ್ಲವಂತೆ. ಹವೆ ಬದಲಾದ ಹಾಗೆಲ್ಲ ಸೂಜಿಯೂ ಬದಲಾಗಬೇಕಂತೆ. ಚಳಿಯಾದರೆ ಬಿಡಬೇಕು, ಧಗೆಯಾದರೆ ಕಟ್ಟಬೇಕು. ನನಗೆ ಇದು ತಲೆಕೆಳಗಾಗಿ ಕಂಡಿತು. ಬಿಸಿಲಿಗೆ ತಾನೇ ಬಾಯಾರೋದು, ಆಗ ತಾನೇ ಜಾಸ್ತಿ ಕುಡಿಸಬೇಕು? ಯಜಮಾನರು ತಾಳ್ಮೆಯಿಂದ ಹೇಳಿದರು. "ಗಾಳೀನ ಮುದ್ದೆ ಅನ್ಕೊ, ಎಣ್ಣೇನ ಸಾರು ಅನ್ಕೊ. ಚಳೀಲಿ ಗಾಳಿ ಗಟ್ಟಿ, ಮುದ್ದೆ ದೊಡ್ದು, ಸಾರು ಜಾಸ್ತಿ ಬೇಕು. ಸೆಕೇಲಿ ಗಾಳಿ ತೆಳ್ಳಗೆ, ಮುದ್ದೆ ಸಣ್ದು. ಸಣ್ ಮುದ್ದೆಗೆ ಸಾರು ಸುರಿದ್ರೆ ಏನಾಯ್ತದೆ? ತಟ್ಟೆ ತುಂಬ ತೇಲ್ತದೆ." ಗಾಳಿಯಲ್ಲಿ ತೇವ ತುಂಬಿಕೊಂಡಿದ್ದರೆ ಮುದ್ದೆ ಇನ್ನೂ ಸಣ್ಣದಂತೆ. ನಲವತ್ತು ವರ್ಷದ ಸಂಸಾರದಲ್ಲಿ ಅವರು ನನಗೆ ಇಷ್ಟುದ್ದದ ಮಾತು ಹೇಳಿದ್ದು ಅದೇ ಮೊದಲು.

ಪ್ರದೀಪ ಫೋನಿನಲ್ಲಿ ಹವೆ ನೋಡುತ್ತಿದ್ದ. ಎಷ್ಟು ಡಿಗ್ರಿ, ಎಷ್ಟು ತೇವ ಅಂತ ಓದಿ ಹೇಳುತ್ತಿದ್ದ. ಯಜಮಾನರು ಮನೆಯಿಂದ ಈಚೆ ಬಂದು ಒಂದು ಉಸಿರು ಎಳೆದುಕೊಂಡು, ಅಂಗೈ ಉಜ್ಜಿ, "ಅರ್ಧ ಗಂಟೆ ಕಟ್ಟು" ಅನ್ನುತ್ತಿದ್ದರು. ಫೋನಿನ ಲೆಕ್ಕವೂ ಇವರ ಮಾತೂ ಸಾಮಾನ್ಯವಾಗಿ ಒಂದೇ ಆಗಿರುತ್ತಿದ್ದವು. ಚನ್ನರಾಯಪಟ್ಟಣದಿಂದ ಕೊಬ್ಬರಿ ವ್ಯಾಪಾರದ ಶಿವಲಿಂಗಣ್ಣನೂ ಕಾರು ಹಿಡಿದು ಬಂದು ಸೇರಿಕೊಂಡ. ಭಾರಿ ಮಾತುಗಾರ, ಬಾಯಿ ತುಂಬ ನಗು. ಭಾನುವಾರ ಬಂತೆಂದರೆ ಎಲ್ಲಾದರೂ ಒಂದು ಕಡೆ ಇವರ ಓಟ. ಒಮ್ಮೆ ಅರಕಲಗೂಡಿನ ಮೈದಾನ, ಒಮ್ಮೆ ಹೊಳೆನರಸೀಪುರದಲ್ಲಿ ಹೊಳೆಯ ಪಕ್ಕದ ಬಯಲು, ಒಮ್ಮೆ ಹಾಸನದಾಚೆ ದುದ್ದದ ಹತ್ತಿರ ಬೀಳುಬಿಟ್ಟ ಹೊಲ, ಒಮ್ಮೆ ಶಿವಲಿಂಗಣ್ಣನ ಕೊಬ್ಬರಿ ಒಣಗಿಸುವ ಅಂಗಳ. ಬುತ್ತಿ ಕಟ್ಟುವವಳು ನಾನು, ಆದ್ದರಿಂದ ನಾನೂ ಜೊತೆಗೆ.

ಅವರಲ್ಲಿ ಒಂದು ಕಟ್ಟಳೆ ತಾನಾಗಿಯೇ ಬೆಳೆಯಿತು. ಮೂರು ಕಾರಿನ ಸೂಜಿಯನ್ನೂ ಗೌಡರೇ ಇಡಬೇಕು, ಅವರು ಇಟ್ಟ ಮೇಲೆ ಯಾರೂ ಮುಟ್ಟುವ ಹಾಗಿಲ್ಲ. ಶಿವಲಿಂಗಣ್ಣ ಕಾರನ್ನು ಎರಡೂ ಕೈಯಲ್ಲಿ ಹಿಡಿದು ತಂದು, "ಗೌಡ್ರೇ, ಅಕ್ಷತೆ ಹಾಕಿ" ಅನ್ನುತ್ತಿದ್ದ. ಆ ಕ್ಷಣದಲ್ಲಿ ನಮ್ಮ ಯಜಮಾನರ ಬೆನ್ನು ನೆಟ್ಟಗಾಗುತ್ತಿತ್ತು. ಬ್ಯಾರನ್ನಿನ ಮುಂದೆ ನಿಲ್ಲುತ್ತಿದ್ದ ಹಳೆಯ ತಿಮ್ಮೇಗೌಡ ಮತ್ತೆ ಎದ್ದು ಬಂದ ಹಾಗೆ ಇರುತ್ತಿತ್ತು. ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು, ಬಾಯಲ್ಲಿ ಮಾತ್ರ ಬೈಯುತ್ತಿದ್ದೆ.

ಆ ವರ್ಷದ ಆಷಾಢ ಸರಿಯಾಗಿಯೇ ಇತ್ತು. ತಣ್ಣನೆ ಗಾಳಿ, ಜಿಟಿಜಿಟಿ ಸೋನೆ, ಮಧ್ಯೆ ಮಧ್ಯೆ ಬಿಡುವು. ಶ್ರಾವಣದಲ್ಲಿ ಒಂದು ಭಾನುವಾರ ದುದ್ದಕ್ಕೆ ಹೋದಾಗ ಗಾಳಿ ನಿಂತುಹೋಗಿತ್ತು. ಮೋಡ ಪಾತ್ರೆಯ ಮುಚ್ಚಳದ ಹಾಗೆ ಕವಿದು ಕೂತಿತ್ತು, ಮಳೆಯೂ ಇಲ್ಲ ಬಿಸಿಲೂ ಇಲ್ಲ, ಬರೀ ಧಗೆ. ಕುಪ್ಪಸ ಬೆನ್ನಿಗೆ ಅಂಟುತ್ತಿತ್ತು. ಮುದ್ದೆ ಸಾರಿನ ಪಾಠ ಕೇಳಿದ್ದ ನನಗೇ ಗೊತ್ತಿತ್ತು, ಇವತ್ತು ಕಟ್ಟಬೇಕು ಅಂತ. ಯಜಮಾನರು ಆಕಾಶ ನೋಡಿದರು. ಸ್ಕ್ರೂಡ್ರೈವರ್ ತೆಗೆದುಕೊಂಡು ಸೂಜಿಯನ್ನು ಎಡಕ್ಕೆ, ಒಂದು ಗಂಟೆಗಿಂತ ಹೆಚ್ಚೇ, ಬಿಟ್ಟರು.

"ಮಾವ, ಬಿಟ್ರಾ?" ಅಂದ ಪ್ರದೀಪ.

"ಮೋಡ ಕವ್ದದೆ, ಕಾಣಾಕಿಲ್ವಾ? ಬೆಂಕಿ ಏರಿಸ್ಬೇಕು. ಇಲ್ದಿದ್ರೆ ಸೊಪ್ಪು ಕಪ್ಪಾಗೋಯ್ತದೆ."

ಬ್ಯಾರನ್ನಿನಲ್ಲಿ ಅದು ನಿಜ. ಮೋಡ ಮುಚ್ಚಿ ಗಾಳಿ ತೇವವಾದರೆ ಸೌದೆ ಜಾಸ್ತಿ ಹಾಕಬೇಕು, ಇಲ್ಲದಿದ್ದರೆ ಹೊಗೆಸೊಪ್ಪು ಒಣಗದೆ ಕಪ್ಪಿಡುತ್ತದೆ. ಆದರೆ ನಾವು ನಿಂತಿದ್ದದ್ದು ದುದ್ದದ ಹೊಲದಲ್ಲಿ, ಮುಂದೆ ಇದ್ದದ್ದು ಹಳದಿ ಕಾರು. ಇವರಿಗೆ ಅದು ಗೊತ್ತಿತ್ತೋ ಇಲ್ಲವೋ, ಮಾತು ತಪ್ಪಿ ಬಂತೋ, ಮನಸ್ಸೇ ತಪ್ಪಿ ಹೋಯಿತೋ. ಮೂರೂ ಕಾರು ಹೊಗೆ ಕಾರುತ್ತ ತೆವಳಿದವು. ಶಿವಲಿಂಗಣ್ಣ ತಡಬಡಿಸಿ, "ಹವಾನೇ ಸರಿಯಿಲ್ಲ ಬುಡಿ ಗೌಡ್ರೇ, ಎಣ್ಣೇಗೂ ತ್ಯಾವ ಇಳ್ದಿರ್ಬೇಕು" ಅಂದ. ಆ ಎಣ್ಣೆ ಡಬ್ಬದ ಮುಚ್ಚಳ ತೆರೆದಿಟ್ಟರೆ ತೇವ ಕುಡಿಯುತ್ತದೆ ಅನ್ನುವುದು ಸುಳ್ಳಲ್ಲ. ನಾವೆಲ್ಲ ಆ ಮಾತಿಗೆ ತಲೆದೂಗಿ, ತಂದಿದ್ದ ಅಕ್ಕಿರೊಟ್ಟಿ ತಿಂದು ವಾಪಸ್ಸು ಬಂದೆವು.

ಅಲ್ಲಿಂದ ಶುರುವಾಯಿತು ನನ್ನ ತಲೆಕೆಟ್ಟ ಕಾಲ. ಕೆಟ್ಟಿರೋದು ಹವೆಯೋ, ಇವರೋ? ಒಂದು ಭಾನುವಾರ ಸೂಜಿ ಕರಾರುವಾಕ್ಕಾಗಿ ಇಡುತ್ತಿದ್ದರು, ಕಾರು ಜೇನಿನ ಹಾಗೆ ಗುಂಯ್ಗುಡುತ್ತ ಓಡುತ್ತಿತ್ತು, ಹಾಳು ಮುಂಡೇದು ನನ್ನ ಅನುಮಾನ ಅಂತ ನನಗೇ ಬೈದುಕೊಳ್ಳುತ್ತಿದ್ದೆ. ಮರುವಾರ ಮತ್ತೆ ಮೋಡ ನೋಡಿ ಬಿಡುತ್ತಿದ್ದರು. ಮನೆಯಲ್ಲೂ ಹಾಗೇ. ಊಟ ಮಾಡಿ ಕೈ ತೊಳೆದು ಬಂದು, "ಇವತ್ತು ಸಾರು ಏನ್ಮಾಡಿದ್ದೀಯ?" ಅಂತ ಕೇಳುತ್ತಿದ್ದರು. ನಾನು ದಂಗಾಗಿ ನಿಂತರೆ, "ತಿಂದಿದ್ದು ಯಾವ್ದು ಅಂತ ಗೊತ್ತಾಗ್ನಿಲ್ಲ, ಅದ್ಕೆ ಕೇಳ್ದೆ" ಅಂತ ನಗುತ್ತಿದ್ದರು. ನನ್ನ ಸಾರಿನ ಬಗ್ಗೆ ಅವರು ಮೊದಲಿನಿಂದಲೂ ಹಂಗಿಸುವವರೇ. ಇದು ಹಂಗಿಸಿದ್ದೋ, ಮರೆತು ಜಾರಿಕೊಂಡಿದ್ದೋ? ಯಾರನ್ನು ಕೇಳಲಿ?

ಶೋಭಾಗೆ ಫೋನು ಮಾಡಿದೆ. "ಅಮ್ಮ, ವಯಸ್ಸಾದ್ಮೇಲೆ ಎಲ್ಲರೂ ಮರೀತಾರೆ. ನೀನು ಕನ್ನಡಕ ತಲೆ ಮೇಲೆ ಇಟ್ಕೊಂಡು ಮನೆಯೆಲ್ಲ ಹುಡುಕಲ್ವಾ?" ಅಂದಳು. ಹುಡುಕುತ್ತೇನೆ, ಇಲ್ಲ ಅನ್ನಲಿಲ್ಲ. ಆದರೆ ಕನ್ನಡಕವನ್ನು ಹೊಗೆಸೊಪ್ಪು ಅಂತ ನಾನು ಯಾವತ್ತೂ ಅಂದುಕೊಂಡಿಲ್ಲ.

ಗೌರಿಹಬ್ಬ ಕಳೆದ ಮೇಲೆ ಹೊಳೆನರಸೀಪುರದ ಬಯಲಿನಲ್ಲಿ ಅದೇ ಧಗೆ, ಅದೇ ಮೋಡ. ಯಜಮಾನರು ಸೂಜಿಯನ್ನು ಧಾರಾಳವಾಗಿ ಬಿಟ್ಟು, ಹೊಳೆಯ ಕಡೆ ಮುಖ ತೊಳೆಯಲು ಹೋದರು. ಪ್ರದೀಪ, ಶಿವಲಿಂಗಣ್ಣ ದೂರದಲ್ಲಿ ಕಲ್ಲು ಆಯುತ್ತ ದಾರಿ ಮಾಡುತ್ತಿದ್ದರು. ನಾನು ಸ್ಕ್ರೂಡ್ರೈವರ್ ತೆಗೆದುಕೊಂಡು ಹಳದಿ ಕಾರಿನ ಸೂಜಿಯನ್ನು ಒಂದು ಗಂಟೆ ಕಟ್ಟಿಬಿಟ್ಟೆ. ಅವರು ಬಂದು ಹಗ್ಗ ಎಳೆದರು. ಕಾರು ಚೆನ್ನಾಗಿಯೇ ಓಡಿತು! ಅವರು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು, ನೋಡ್ದಾ ಅನ್ನುವ ಹಾಗೆ. ನಾನೂ ನಕ್ಕೆ.

ಹೇಳಬಹುದಿತ್ತಲ್ಲ ಅಂತ ಓದಿದವರು ಕೇಳಬಹುದು. ಹೇಗೆ ಹೇಳುವುದು? ಅಳಿಯನ ಮುಂದೆ, ಸ್ನೇಹಿತನ ಮುಂದೆ, 'ರೀ, ನಿಮಗೆ ಸೂಜಿ ಮರೆತುಹೋಗಿದೆ' ಅನ್ನುವುದಾ? ನಮ್ಮ ಕಡೆ ಬೀಗರ ಮನೆಯ ಪಾಯಸದಲ್ಲಿ ಉಪ್ಪಿದ್ದರೂ ಇನ್ನೊಂದು ಸೌಟು ಹಾಕಿಸಿಕೊಂಡು ತಿನ್ನುತ್ತೇವೆ. ದಾಕ್ಷಿಣ್ಯ ಅನ್ನುವುದು ನಮಗೆ ಹಾಲಿನ ಜೊತೆ ಕುಡಿಸಿದ್ದು. ಅದಾದ ಮೇಲೆ ಪ್ರತಿ ಭಾನುವಾರ ಅವರು ಸೂಜಿ ಇಟ್ಟು ಆ ಕಡೆ ಹೋದ ತಕ್ಷಣ ನಾನು ಈ ಕಡೆಯಿಂದ ಹೋಗಿ ಚೂರು ಕಟ್ಟುತ್ತಿದ್ದೆ.

ಆಯುಧಪೂಜೆ ಕಳೆಯಲಿ ಅಂತ ಕಾದಿದ್ದು ಅವರನ್ನು ಹಾಸನದಲ್ಲಿ ಒಬ್ಬರು ನರರೋಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ನನಗೆ ತಲೆನೋವು, ಜೊತೆಗೆ ಬನ್ನಿ ಅಂತ ಸುಳ್ಳು ಹೇಳಿದ್ದೆ. ಒಳಗೆ ಹೋದ ಮೇಲೆ ಡಾಕ್ಟರು ಇವರನ್ನೇ ಮಾತಾಡಿಸತೊಡಗಿದಾಗ ಇವರು ನನ್ನನ್ನು ಒಂದು ನೋಟ ನೋಡಿದರು, ಜಗಳವಾಡಲಿಲ್ಲ. ಇವತ್ತು ಯಾವ ವಾರ, ಯಾವ ತಿಂಗಳು, ನೂರರಿಂದ ಏಳೇಳು ಕಳೆಯಿರಿ, ಎಲ್ಲ ಆಯಿತು. ಒಂದೆರಡು ಕಡೆ ನಿಂತರು, ಮಿಕ್ಕಿದ್ದು ಸರಿಯಾಗಿ ಹೇಳಿದರು. ಕೊನೆಗೆ ಡಾಕ್ಟರು ಒಂದು ಹಾಳೆ ಕೊಟ್ಟು, "ಒಂದು ಗಡಿಯಾರ ಬರೀರಿ. ಹನ್ನೊಂದು ಗಂಟೆ ತೋರಿಸ್ಬೇಕು" ಅಂದರು.

ಇವರು ದುಂಡಗೆ ಒಂದು ಚಕ್ರ ಬರೆದರು. ಕೈ ಒಂಚೂರೂ ನಡುಗಲಿಲ್ಲ. ಆಮೇಲೆ ಹನ್ನೊಂದು ಇರಬೇಕಾದ ಜಾಗದಿಂದ ಎದುರಿನ ಅಂಚಿನವರೆಗೆ ಚಕ್ರದ ಮಧ್ಯೆ ಒಂದು ದಪ್ಪ ಗೆರೆ ಎಳೆದು ಪೆನ್ನು ಕೆಳಗಿಟ್ಟರು. ಅಂಕಿ ಇಲ್ಲ, ದೊಡ್ಡ ಮುಳ್ಳಿಲ್ಲ, ಸಣ್ಣ ಮುಳ್ಳಿಲ್ಲ. ಡಾಕ್ಟರು ಹೂಂ ಅಂದು ಏನೋ ಬರೆದುಕೊಂಡರು. ನನಗೆ ನೋಡಿದ ತಕ್ಷಣ ಗೊತ್ತಾಯಿತು, ಅದು ಸೂಜಿಯ ತಲೆ. ಸ್ಕ್ರೂಡ್ರೈವರ್ ಕೂರುವ ಗೀರು ಹನ್ನೊಂದು ಗಂಟೆಗೆ ನಿಂತಿದೆ. ಹಾಗಾದರೆ ಇವರು ಬರೆದದ್ದು ಸರಿಯೋ ತಪ್ಪೋ? ಡಾಕ್ಟರಿಗೆ ಹೇಳೋಣ ಅಂದುಕೊಂಡೆ. ನೈಟ್ರೋ ಕಾರು, ಮುದ್ದೆ, ಸಾರು ಅಂತ ಶುರುಮಾಡಿದರೆ ಪರೀಕ್ಷೆ ನನಗೂ ಮಾಡಿಯಾರು ಅಂತ ಸುಮ್ಮನಾದೆ.

"ವಯಸ್ಸಿನ ಮರೆವೂ ಇರಬಹುದು, ಕಾಯಿಲೆಯ ಶುರುವೂ ಇರಬಹುದು. ಈಗಲೇ ಹೇಳೋಕಾಗಲ್ಲ. ರಕ್ತಪರೀಕ್ಷೆ ಮಾಡಿಸಿ, ಕೆಲವು ತಿಂಗಳು ಬಿಟ್ಟು ಇನ್ನೊಂದ್ಸಲ ನೋಡೋಣ" ಅಂದರು ಡಾಕ್ಟರು. ಅಷ್ಟು ಓದಿದವರಿಗೇ ಗೊತ್ತಿಲ್ಲ ಅಂದಮೇಲೆ ನನ್ನ ಗತಿಯೇನು! ಬಸ್ಸಿನಲ್ಲಿ ಕೂತಾಗ, "ಅದೇನ್ರೀ ನೀವು ಬರೆದಿದ್ದು?" ಅಂತ ಕೇಳಿದೆ. ಇವರು ಕಿಟಕಿಯ ಆಚೆ ನೋಡುತ್ತ, "ತಲೆನೋವು ವಾಸಿಯಾಯ್ತಾ ನಿಂಗೆ?" ಅಂದರು.

ಕಾರ್ತಿಕ ಬಂತು. ಮೋಡ ಹರಿದು, ಬೆಳಗ್ಗೆ ಸಂಜೆ ತಣ್ಣಗಾಯಿತು. ಹವೆ ಸರಿಹೋದರೆ ಕಾರೂ ಸರಿಹೋಗಬೇಕಿತ್ತು. ಆಗಲಿಲ್ಲ. ಹಳದಿ ಕಾರು ಒಂದು ದಿನ ಕಿರುಚಿಕೊಂಡು ಓಡಿ ನಿಲ್ಲುತ್ತಿತ್ತು, ಇನ್ನೊಂದು ದಿನ ಸ್ಟಾರ್ಟೇ ಆಗುತ್ತಿರಲಿಲ್ಲ. ನಾನು ಕಟ್ಟುವುದನ್ನು ಕಮ್ಮಿ ಮಾಡಿ ನೋಡಿದೆ, ಆಗಲೂ ಹಾಗೇ. ಪ್ಲಗ್ ಬದಲಾಯಿಸಿದರು, ಗಾಳಿ ಸೋಸುವ ಸ್ಪಂಜನ್ನು ತೊಳೆದರು, ಎಣ್ಣೆಯ ಹೊಸ ಡಬ್ಬ ತರಿಸಿದರು. ಏನು ಮಾಡಿದರೂ ಗಾಡಿಗೆ ಗ್ರಹಚಾರ ಬಿಡಲಿಲ್ಲ.

ಆಮೇಲೆ ನಾನು ಕಂಡದ್ದು ನನಗೆ ಇವತ್ತಿಗೂ ನೆನಪಿದೆ. ಯಜಮಾನರು ಸೂಜಿ ಇಡುವಾಗ ಕೈ ಅನುಮಾನಿಸತೊಡಗಿತು. ಎಡಕ್ಕೆ ತಿರುಗಿಸಿ, ನಿಲ್ಲಿಸಿ, ಬಲಕ್ಕೆ ತಿರುಗಿಸಿ, ಮತ್ತೆ ಎಡಕ್ಕೆ. ಒಂದು ಬೆಳಗ್ಗೆ ಅರಕಲಗೂಡಿನ ಮೈದಾನದಲ್ಲಿ, ಎಲ್ಲರೂ ಇರುವಾಗಲೇ, ನನ್ನ ಕಡೆ ತಿರುಗಿ, "ಜಯಾ, ಇವತ್ತು ಬುಡೋದೋ ಕಟ್ಟೋದೋ?" ಅಂತ ಕೇಳಿದರು. ಬ್ಯಾರನ್ನಿನ ಬೆಂಕಿಯನ್ನು ಯಾರ ಮಾತಿಗೂ ಏರಿಸದ, ಇಳಿಸದ ಮನುಷ್ಯ. ನನಗೆ ಅಳು ಬಂತು. "ನಂಗೇನ್ ಗೊತ್ತು, ನೀವುಂಟು ನಿಮ್ಮ ಗಾಡಿಯುಂಟು" ಅಂತ ಬುತ್ತಿ ಬಿಚ್ಚುವ ನೆಪದಲ್ಲಿ ಮುಖ ಆ ಕಡೆ ತಿರುಗಿಸಿಕೊಂಡೆ. ಮಾರನೆಯ ವಾರ ಅವರು ಓಟಕ್ಕೇ ಬರಲಿಲ್ಲ. ಮಂಡಿನೋವು ಅಂದರು. ಅದರ ಮುಂದಿನ ವಾರವೂ ಮಂಡಿನೋವು.

ಧನುರ್ಮಾಸದಲ್ಲಿ ಶಿವಲಿಂಗಣ್ಣ ತಾನೇ ಕೊಬ್ಬರಿ ಸಾಗಿಸುವ ಗಾಡಿ ತಂದು ನಮ್ಮ ಬಾಗಿಲಲ್ಲಿ ನಿಲ್ಲಿಸಿದ. "ಗೌಡ್ರೇ, ನಮ್ಮಂಗಳ ಬಿಕೋ ಅಂತಾ ಐತೆ. ನೀವ್ ಬರ್ದಿದ್ರೆ ನಾನು ಕಾರ್ನ ಗುಜರಿಗ್ ಹಾಕ್ಬುಡ್ತೀನಿ, ನೋಡಿ ಮತ್ತೆ" ಅಂತ ಅವರ ಕೈ ಹಿಡಿದು ಎಬ್ಬಿಸಿದ. ಪ್ರದೀಪನೂ ಹಾಸನದಿಂದ ನೇರ ಶಿವಲಿಂಗಣ್ಣನ ಅಂಗಳಕ್ಕೇ ಬಂದ. ಚನ್ನರಾಯಪಟ್ಟಣಕ್ಕೆ ತಲುಪಿದಾಗ ಮಂಜು ಇನ್ನೂ ತೆಂಗಿನ ಮರದ ಸೊಂಟಕ್ಕೆ ಇಳಿದಿತ್ತು. ಮಾತಾಡಿದರೆ ಬಾಯಿಂದ ಹಬೆ. ಶಿವಲಿಂಗಣ್ಣನ ಹೆಂಡತಿ ಕಾಫಿ ಕೊಟ್ಟು, ನನಗೊಂದು ಶಾಲೂ ಕೊಟ್ಟಳು.

ಯಜಮಾನರು ಹಳದಿ ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಮಂಜನ್ನು ನೋಡಿದರು, ಅಂಗೈ ಉಜ್ಜಿಕೊಂಡರು. ಸೂಜಿಯನ್ನು ಎಡಕ್ಕೆ ಬಿಟ್ಟು, "ಕಾಲ್ಮಡಿದು ಬತ್ತೀನಿ" ಅಂತ ಹಿತ್ತಲಿಗೆ ಹೋದರು. ಬಿಟ್ಟದ್ದು ಚಳಿಗೋ, ಮಂಜಿನ ಮುಸುಕು ಕಂಡು ಬ್ಯಾರನ್ನಿನ ಬೆಂಕಿ ಏರಿಸಿದ್ದೋ? ಚಳಿಗಾದರೆ ಸರಿ. ಬ್ಯಾರನ್ನಿಗಾದರೆ ಜಾಸ್ತಿಯೇ ಬಿಟ್ಟಿರುತ್ತಾರೆ. ಈಗ ಚಳಿ, ನಿಜ, ಆದರೆ ಇನ್ನು ಸ್ವಲ್ಪ ಹೊತ್ತಿಗೆ ಬಿಸಿಲು ಬಂದರೆ? ಗಂಟೆಗಟ್ಟಲೆ ಯೋಚಿಸಿದರೂ ಬಗೆಹರಿಯದ್ದು ಆ ಗಳಿಗೆಯಲ್ಲಿ ಬಗೆಹರಿಯುತ್ತದೆಯೇ? ಅಭ್ಯಾಸದ ಕೈ, ನಾನು ಬಗ್ಗಿ ಒಂದು ಗಂಟೆ ಕಟ್ಟಿ, ಏನೂ ಅರಿಯದವಳ ಹಾಗೆ ಶಾಲು ಹೊದ್ದು ಕೊಬ್ಬರಿ ಮೂಟೆಯ ಹತ್ತಿರ ಹೋಗಿ ನಿಂತೆ.

ಅವರು ಬಂದು ಹಗ್ಗ ಎಳೆದರು. ಕಾರು ಒಂದೇ ಎಳೆತಕ್ಕೆ ಎದ್ದಿತು. ಅಂಗಳದ ತುದಿಯವರೆಗೆ ಬಾಣದ ಹಾಗೆ ಹೋಯಿತು. "ಏನ್ ಸ್ಪೀಡು ಗೌಡ್ರೇ! ಇದಪ್ಪಾ ಸೂಜಿ ಅಂದ್ರೆ!" ಅಂತ ಶಿವಲಿಂಗಣ್ಣ ಚಪ್ಪಾಳೆ ತಟ್ಟಿದ. ಪ್ರದೀಪನೂ ತಟ್ಟಿದ. ನಾನೂ ತಟ್ಟುವವಳಿದ್ದೆ. ಇವರ ಮುಖದಲ್ಲಿ ನಗು ಕಾಣಲಿಲ್ಲ. ತಲೆ ಒಂದು ಕಡೆ ವಾಲಿಸಿ ಕೇಳುತ್ತಿದ್ದರು. ಕಾರಿನ ಹಿಂದೆ ಹೊಗೆಯೇ ಇರಲಿಲ್ಲ, ಎಣ್ಣೆ ಸಾಲುತ್ತಿಲ್ಲ ಅನ್ನುವ ಗುರುತು. ಅವರು ಅದನ್ನು ಥಟ್ಟನೆ ವಾಪಸ್ಸು ತಂದು, ಎಣ್ಣೆಯ ಟ್ಯೂಬನ್ನು ಬೆರಳಲ್ಲಿ ಹಿಸುಕಿ ನಿಲ್ಲಿಸಿದರು. ಬೆರಳಿಗೆ ಉಗುಳು ಹಚ್ಚಿಕೊಂಡು ಇಂಜಿನ್ನಿನ ತಲೆಗೆ ಮುಟ್ಟಿಸಿದರು. ಚುಂಯ್ ಅಂದು ಒಣಗಿಹೋಯಿತು.

ಆಮೇಲೆ ಸ್ಕ್ರೂಡ್ರೈವರ್ ಹಾಕಿ, ಸೂಜಿ ಪೂರ್ತಿ ಮುಚ್ಚುವವರೆಗೂ ನಿಧಾನವಾಗಿ ತಿರುಗಿಸಿದರು. ತುಟಿ ಅಲ್ಲಾಡುತ್ತಿತ್ತು, ಸುತ್ತು ಎಣಿಸುತ್ತಿದ್ದರು. ಮುಗಿದ ಮೇಲೆ ತಲೆ ಎತ್ತಿದರು.

"ಇದು ನಾನಿಟ್ಟ ಸೂಜಿಯಲ್ಲ. ಯಾರು ಮುಟ್ಟಿದ್ದು?"

"ನಾನು" ಅಂದೆ. ಅದೇ ಉಸಿರಿನಲ್ಲಿ ಪ್ರದೀಪನ ದನಿಯೂ ಕೇಳಿತು. "ನಾನು ಮಾವ."

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಶಿವಲಿಂಗಣ್ಣ ಕೆಮ್ಮಿದ, ಟವೆಲ್ಲನ್ನು ಹೆಗಲಿಂದ ತೆಗೆದು ಕೈಗೆ ಸುತ್ತಿಕೊಂಡ. "ನಾನೂ ಒಂಚೂರು ಕಟ್ಟಿದ್ದೆ ಕಣಕ್ಕ. ನೀವು ಮೂಟೆ ಕಡೀಕ್ ತಿರುಗಿ ನಿಂತಿದ್ರಲ್ಲ ಆವಾಗ. ನೀವ್ಯಾರೂ ಮುಟ್ಟಿರಾಕಿಲ್ಲ ಅನ್ಕಂಡು..."

"ಎಷ್ಟು ದಿನದಿಂದ ಇದು?" ಅಂತ ಕೇಳಿದರು ಇವರು.

ಶ್ರಾವಣದಿಂದ, ಅಂದ ಪ್ರದೀಪ. ದುದ್ದದ ಆ ಭಾನುವಾರ ಕಳೆದ ಮೇಲಿಂದ, ಅಂದ ಶಿವಲಿಂಗಣ್ಣ. ನಾನು ಗೌರಿಹಬ್ಬ ಅಂದೆ. ಒಬ್ಬರು ಕಟ್ಟಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಇವರು ತಪ್ಪಿದ ದಿನ ಒಬ್ಬರ ತಿದ್ದುಪಡಿ ಸರಿಹೋಗಿದೆ, ಉಳಿದಿಬ್ಬರದು ಅದನ್ನು ಕೆಡಿಸಿದೆ. ಇವರು ಸರಿಯಿದ್ದ ದಿನ ಮೂವರೂ ಸೇರಿ ಕೆಡಿಸಿದ್ದೇವೆ. ಕಾರ್ತಿಕದ ಆ ಕೆಟ್ಟ ಓಟಗಳಲ್ಲಿ ಯಾವುದು ಇವರ ತಪ್ಪು, ಯಾವುದು ನಮ್ಮ ದಾಕ್ಷಿಣ್ಯ?

ಇವರು ಮೊದಲು ನಕ್ಕರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ನಮಗೆ ಹೋದ ಜೀವ ಬಂತು. ನಗುತ್ತಲೇ ಕೊಬ್ಬರಿ ಮೂಟೆಯ ಮೇಲೆ ಕೂತರು. ಆಮೇಲೆ ನಗು ನಿಂತಿತು, ಕಣ್ಣಿನ ನೀರು ನಿಲ್ಲಲಿಲ್ಲ.

"ಮರೆವು ಬತ್ತಾ ಐತೆ ಅಂತ ನಂಗೂ ಗೊತ್ತು ಕಣ್ರಪ್ಪಾ. ನಿಮ್ಗಿಂತ ಮುಂಚೆ ನಂಗೆ ಗೊತ್ತು. ತಪ್ಪಾದ್ರೆ ತಪ್ಪು ಅನ್ನಿ, ನನ್ ಮುಂದೇನೆ ತಿರುಗ್ಸಿ. ನೀವು ಹಿಂದ್ಗಡೆ ಹಿಂದ್ಗಡೆ ತಿರುಗ್ಸಿಟ್ರೆ, ನಾನು ಎಲ್ಲಿ ಮರ್ತೆ, ಎಲ್ಲಿ ಸರಿಯಾಗಿದ್ದೆ ಅಂತ ನಂಗೆ ಎಂಗ್ ಗೊತ್ತಾಯ್ತದೆ? ಸರಿಯಾಗಿ ಇಟ್ಟ ದಿನಾನೂ ಗಾಡಿ ಕೆಡ್ತು. ನಾನೇ ಪೂರ್ತಿ ಕೆಟ್ಟೋದೆ ಅನ್ಕಂಡು ಮನೇಲಿ ಕೂತೆ."

ಶಿವಲಿಂಗಣ್ಣ ಟವೆಲ್ಲಿನಿಂದ ಮುಖ ಒರೆಸಿಕೊಂಡ. ನಾನು ಹೋಗಿ ಇವರ ಪಕ್ಕ ಮೂಟೆಯ ಮೇಲೆ ಕೂತೆ. ಅಳಿಯನ ಎದುರಿಗೆ ನಾನು ಇವರ ಪಕ್ಕ ಕೂತವಳಲ್ಲ. ಅವತ್ತು ಕೂತೆ, ಅವರ ಕೈಯನ್ನೂ ಹಿಡಿದುಕೊಂಡೆ. ಎಣ್ಣೆಯಾಗಿ ಜಾರುತ್ತಿತ್ತು ಆ ಕೈ.

ಮಂಜು ಹರಿಯತೊಡಗಿತ್ತು. ಒಂದು ಪಕ್ಕದಲ್ಲಿ ಬಿಸಿಲು, ಒಂದು ಪಕ್ಕದಲ್ಲಿ ಇನ್ನೂ ಚಳಿ. ಇವರು ಸ್ಕ್ರೂಡ್ರೈವರ್ ತೆಗೆದು ನನ್ನ ಕೈಗೆ ಇಟ್ಟರು. "ನೀನೇ ಇಡು. ಬಾಯ್ಬಿಟ್ಟು ಹೇಳ್ಕಂಡು ಇಡು, ಎಲ್ರಿಗೂ ಕೇಳಂಗೆ."

ನಾನು ಕಾರಿನ ಮುಂದೆ ಕೂತೆ. ಇನ್ಸ್‌ಪೆಕ್ಟರ್ ಬಂದಾಗ ಹಲಗೆಯ ಮುಂದೆ ನಿಂತ ಮಗುವಿನ ಹಾಗೆ ಗಂಟಲು ಸರಿಮಾಡಿಕೊಂಡೆ. ಮುಚ್ಚಿದ್ದ ಸೂಜಿಯನ್ನು ಅವರು ಹೇಳಿದಷ್ಟು ಸುತ್ತು ಬಿಚ್ಚಿದೆ. "ಚಳಿಯಿದೆ, ಅದಕ್ಕೆ ಒಂದು ಗಂಟೆ ಬಿಡ್ತಿದ್ದೀನಿ" ಅಂದೆ ಗಟ್ಟಿಯಾಗಿ. ಬಿಸಿಲು ನೋಡಿದೆ. "ಬಿಸಿಲು ಬರ್ತಾ ಇದೆ, ಅದಕ್ಕೆ ಅರ್ಧ ಗಂಟೆ ಕಟ್ತಿದ್ದೀನಿ" ಅಂದೆ. ಆಮೇಲೆ ತಿರುಗಿ ಅವರನ್ನೇ ಕೇಳಿದೆ. "ಸರಿ ಹೋಯ್ತೇನ್ರೀ?"

ಅವರು ಆಕಾಶ ನೋಡಿದರು. ಸೂಜಿ ನೋಡಿದರು.

"ಗೊತ್ತಿಲ್ಲ ಕಣೇ" ಅಂದರು. "ಓಡ್ಸು, ನೋಡಾಣ."